ತಡವಾಗಿ ಹುಟ್ಟಿದ ಆದಿರಾಜರು

ಚೀನಾದ ಆದಿರಾಜರ ಸಾಲು ಫೂಶಿಯಿಂದ ಶುರುವಾಗುತ್ತದೆ. ಅವನು ಮೀನಿಗೆ ಬಲೆ ಬೀಸಲು ಕಲಿಸಿದವನು. ಬೇಸಾಯ ಕೊಟ್ಟ ಶೆನ್ನೊಂಗ್, ಹಳದಿ ಸಾಮ್ರಾಟ ಹ್ವಾಂಗ್‌ದಿ, ಸಿಂಹಾಸನವನ್ನು ಮಗನಿಗೆ ಬಿಡದೆ ಯೋಗ್ಯನಿಗೆ ಒಪ್ಪಿಸಿದ ಯಾವೊ ಮತ್ತು ಶುನ್ ಆಮೇಲಿನವರು. ನೆರೆಯನ್ನು ಹತೋಟಿಗೆ ತಂದ ಯೂ ಕೊನೆಯವನು. ಆದರೆ ಗ್ರಂಥಗಳಲ್ಲಿ ಇವರು ಕಾಣಿಸಿಕೊಂಡ ಕ್ರಮ ಹೆಚ್ಚುಕಡಿಮೆ ತಿರುವುಮುರುವು. 1923ರಲ್ಲಿ ಗು ಜಿಯೆಗಾಂಗ್ ಎಂಬ ತರುಣ ವಿದ್ವಾಂಸ ಇದನ್ನು ಎತ್ತಿ ತೋರಿಸಿದ. ಅತಿ ಹಳೆಯ ಪದ್ಯಗಳಿಗೆ ಗೊತ್ತಿರುವುದು ಯೂ ಒಬ್ಬನೇ; ಯಾವೊ, ಶುನ್ ಬರುವುದು ಕನ್‌ಫ್ಯೂಷಿಯಸನ ಹೊತ್ತಿಗೆ, ಹ್ವಾಂಗ್‌ದಿ ಅದಕ್ಕೂ ಈಚೆಗೆ. ಮೊಟ್ಟೆಯೊಳಗಿಂದ ಎದ್ದು ಭೂಮಿ ಆಕಾಶಗಳನ್ನು ಬೇರ್ಪಡಿಸಿದ ಪಾನ್‌ಗು ಕ್ರಿ.ಶ. 3ನೇ ಶತಮಾನದವರೆಗೆ ಕಾಯಬೇಕಾಯಿತು. ಸೀಮಾ ಚಿಯೆನ್ ತನ್ನ ಮಹಾ ಇತಿಹಾಸವನ್ನು ಹ್ವಾಂಗ್‌ದಿಯಿಂದ ಆರಂಭಿಸಿದ್ದ. ಸುಮಾರು ಎಂಟು ಶತಮಾನಗಳ ನಂತರ ಸೀಮಾ ಝೆನ್ ಅದರ ಮುಂದೆ ಮೂವರು ಆದಿ ಅಧಿಪತಿಗಳ ಅಧ್ಯಾಯವೊಂದನ್ನು ಸೇರಿಸಿದ. ಈ ವಂಶಾವಳಿ ಬೆಳೆದದ್ದು ಹಿಂದಕ್ಕೆ.

ಬರಹ ತಡವಾದರೆ ನೆನಪೂ ತಡವಾದದ್ದೇ ಆಗಬೇಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸೀಮಾ ಚಿಯೆನ್ ಕೊಟ್ಟ ಪ್ರಾಚೀನ ಶಾಂಗ್ ವಂಶದ ರಾಜರ ಪಟ್ಟಿ ಬಹುಮಟ್ಟಿಗೆ ಸರಿಯೆಂದು ಆನ್‌ಯಾಂಗ್‌ನ ಶಕುನದ ಮೂಳೆಗಳು ಸಾಬೀತುಪಡಿಸಿದವು. ಆದರೆ ಅಲ್ಲಿ ಸಾಕ್ಷಿ ಹೇಳಿದ್ದು ಆ ರಾಜರ ಆಸ್ಥಾನವೇ ಕೊರೆಸಿದ ಅಕ್ಷರ. ಯಾವೊನ ರಾಜಧಾನಿಯೆಂದು ಹಲವರು ನಂಬುವ ಶಾನ್ಷಿ ಪ್ರಾಂತ್ಯದ ತಾವೊಸಿಯಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ಕೋಟೆಗೋಡೆ, ಸಿರಿವಂತರ ಸಮಾಧಿಗಳು ಸಿಕ್ಕಿವೆ. ಅಲ್ಲಿ ಆಳಿದವನು ಯಾವೊ ಎಂದು ಎಲ್ಲರೂ ಒಪ್ಪುವಂಥ ಬರಹ ಸಿಕ್ಕಿಲ್ಲ. ಆ ಊರು ನಿಜ, ಹೆಸರು ನಾವು ಅಂಟಿಸಿದ್ದು.

ಹಾಗೆಂದು ಈ ಕಥೆಗಳನ್ನು ಪೊಳ್ಳೆಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಯಾವೊ ರಾಜ್ಯ ಬಿಟ್ಟುಕೊಟ್ಟ ಕಥೆ ಕ್ರಿ.ಪೂ. 4ನೇ ಶತಮಾನದ ಬಿಸಿಬಿಸಿ ರಾಜಕೀಯ ಚರ್ಚೆ. ವಂಶಪಾರಂಪರ್ಯ ದೊಡ್ಡದೋ ಯೋಗ್ಯತೆಯೋ ಎಂಬ ವಾದದಲ್ಲಿ ಪ್ರತಿ ಪಂಥವೂ ಅವನನ್ನು ತನ್ನ ಕಡೆಗೆ ಎಳೆಯಿತು. ಅದು ಬರಿಯ ಮಾತಾಗಿಯೂ ಉಳಿಯಲಿಲ್ಲ. ಕ್ರಿ.ಪೂ. 316ರ ಸುಮಾರಿಗೆ ಯಾನ್ ರಾಜ್ಯದ ಕ್ವಾಯ್ ಎಂಬ ದೊರೆ ಯಾವೊನ ಮೇಲ್ಪಂಕ್ತಿ ಹಿಡಿದು ಮಂತ್ರಿ ತ್ಸಿಜಿಗೆ ಅಧಿಕಾರ ಒಪ್ಪಿಸಿದ. ಅಂತಃಕಲಹ ಹೊತ್ತಿತು, ನೆರೆಯ ಚಿ ರಾಜ್ಯದ ಸೈನ್ಯ ನುಗ್ಗಿತು, ದೊರೆ ಸತ್ತ. ರಾಜ್ಯವನ್ನು ದಾನ ಮಾಡುವ ಹಕ್ಕೇ ಕ್ವಾಯ್‌ಗೆ ಇರಲಿಲ್ಲವೆಂದು ದಾರ್ಶನಿಕ ಮೆನ್ಸಿಯಸ್ ತೀರ್ಪು ಕೊಟ್ಟ. ಯಾವೊನ ವಿಷಯದಲ್ಲಿ, ಶುನ್‌ಗೆ ರಾಜ್ಯ ಕೊಟ್ಟದ್ದು ಯಾವೊ ಅಲ್ಲ, ಆಕಾಶವೇ ಎಂದ. ಮುಂದಿನ ಶತಮಾನದ ಚಿಂತಕ ಹಾನ್ ಫೈಯ ಗ್ರಂಥದಲ್ಲಂತೂ ಶುನ್ ಯಾವೊನನ್ನು ಬಲವಂತದಿಂದ ಇಳಿಸಿದವನು.