ಸಿ ಡ್ರೈವಿನ ಇನ್ನೊಂದು ಪ್ರತಿ

ರಾಯಚೂರು, ಮಾನ್ವಿ, ದೇವದುರ್ಗ ಎಲ್ಲೇ ಆಗಲಿ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಯ ಹಳೆಯ ಸಿಸ್ಟಂ ಮೇಲೆ ನನಗೆ ವಿಶೇಷ ಪ್ರೀತಿ. ಎಕ್ಸ್‌ಪಿ, ಪೇಜ್‌ಮೇಕರ್, ಕನ್ನಡ ಗಣಕ ಪರಿಷತ್ತಿನ ನುಡಿ, ಇವಿಷ್ಟೇ ಅದರ ಬಂಡವಾಳ. 2001ರ ಏಳನೇ ಆವೃತ್ತಿಗೇ ನಿಂತ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಕೈಬಿಟ್ಟಿತು. ಆದರೂ ವರ್ಷಗಟ್ಟಲೆ ಕೂಡಿಟ್ಟ ಪುಟಗಳು ಸರಿಯಾಗಿ ತೆರೆಯುವುದು ಅಲ್ಲಿಯೇ. ಅಂಥದ್ದು ಕೆಟ್ಟಾಗ ‘ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಬಿಡ್ರಿ’ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ವಿಂಡೋಸ್ ಬಂದೀತು, ಫಾಂಟು, ಪ್ರಿಂಟರ್ ಡ್ರೈವರ್, ಕೈಗೆ ಒಗ್ಗಿದ ಹೊಂದಾಣಿಕೆಗಳು ಅದರೊಡನೆ ಬರುವುದಿಲ್ಲ.

ಸಿಸ್ಟಂ ಚೆನ್ನಾಗಿರುವಾಗಲೇ ಸಿ ಡ್ರೈವಿನ ಇಮೇಜ್, ಎಂದರೆ ಇಡೀ ಪಾರ್ಟಿಷನ್ನಿನ ಪಡಿಯಚ್ಚು, ತೆಗೆದಿಡಬೇಕು. ಕಡತಗಳನ್ನು ಕಾಪಿ ಮಾಡಿದರೆ ಸಾಲದು. ಓಡುತ್ತಿರುವ ವಿಂಡೋಸ್ ತನ್ನ ರಿಜಿಸ್ಟ್ರಿಯನ್ನು ಮುಟ್ಟಗೊಡುವುದಿಲ್ಲ. ಸಿಡಿ ಅಥವಾ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ವಿಂಡೋಸ್ ಮಲಗಿರುವಾಗ ಪಾರ್ಟಿಷನ್ನನ್ನೇ ಎತ್ತಿಕೊಳ್ಳಬೇಕು. ಹಿಂದೆ ಈ ಕೆಲಸಕ್ಕೆ ನಾರ್ಟನ್ ಘೋಸ್ಟ್ ಇತ್ತು. ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಅದನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡಿತು, 2013ರಲ್ಲಿ ನಿಲ್ಲಿಸಿತು. ಈಗ ನನ್ನ ಆಯ್ಕೆ ತೈವಾನಿನ ಕ್ಲೋನ್‌ಜಿಲ್ಲಾ. ಪರದೆ ನೋಡಲು ಒರಟು, ಕೆಲಸ ಬಲು ಅಚ್ಚುಕಟ್ಟು, ಹಣ ಕೊಡಬೇಕಿಲ್ಲ. ಬಳಕೆಯಲ್ಲಿರುವ ಬ್ಲಾಕ್‌ಗಳನ್ನಷ್ಟೇ ನಕಲಿಸುವುದರಿಂದ, 100 ಜಿಬಿ ಪಾರ್ಟಿಷನ್‌ನಲ್ಲಿ 30 ಜಿಬಿ ತುಂಬಿದ್ದರೆ ಇಮೇಜ್ ಅಷ್ಟರೊಳಗೇ ಮುಗಿಯುತ್ತದೆ. ಇಮೇಜ್ ಇನ್ನೊಂದು ಡಿಸ್ಕಿನಲ್ಲಿರಲಿ. ಅದೇ ಡಿಸ್ಕಿನ ಡಿ ಡ್ರೈವಿನಲ್ಲಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಯುಪಿಎಸ್ ಬ್ಯಾಟರಿಗಳು ಬೇಗ ಸೊರಗುತ್ತವೆ. ಅವನ್ನು ಪರೀಕ್ಷಿಸಿಯೇ ಕೆಲಸಕ್ಕೆ ಕೂಡಿ. ನಡುವೆ ಕರೆಂಟ್ ಹೋದರೆ ಇಮೇಜ್ ಅರೆಬರೆ. ರಿಸ್ಟೋರ್ ಆಗುವಾಗ ಹೋದರಂತೂ ಪಾರ್ಟಿಷನ್ನೇ ಅರೆಬರೆ.

ರಿಸ್ಟೋರ್‌ನಲ್ಲೇ ನಿಜವಾದ ಕಸುಬು. ತುಂಬಿದ್ದು ಎಷ್ಟೇ ಕಡಿಮೆಯಿರಲಿ, ಹೊಸ ಪಾರ್ಟಿಷನ್ ಮೂಲದ್ದಕ್ಕಿಂತ ಚಿಕ್ಕದಾಗಿರುವಂತಿಲ್ಲ. ಚಿಕ್ಕ ಎಸ್‌ಎಸ್‌ಡಿಗೆ ಹೋಗುವವರು ಇಮೇಜ್ ತೆಗೆಯುವ ಮೊದಲೇ ಸಿ ಡ್ರೈವನ್ನು ಕುಗ್ಗಿಸಬೇಕು. ಎಕ್ಸ್‌ಪಿಯ ಬಳಿ ಎಎಚ್‌ಸಿಐ ಡ್ರೈವರ್ ಇರುವುದಿಲ್ಲ. ಬೇರೆ ಮದರ್‌ಬೋರ್ಡಿಗೆ ಇಳಿಸಿದಾಗ ನೀಲಿ ಪರದೆ ಬಂದರೆ, ಬಯಾಸ್‌ನಲ್ಲಿ ಐಡಿಇ ಮೋಡ್ ಇದೆಯೇ ಎಂದು ಮೊದಲು ನೋಡಿ. ಹೊಸ ಯಂತ್ರಗಳ ತೊಡಕೇ ಬೇರೆ. ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್ ಸಿ ಡ್ರೈವಿನ ಹೊರಗಿರುತ್ತದೆ, ಆದ್ದರಿಂದ ಇಡೀ ಡಿಸ್ಕಿನದೇ ಇಮೇಜ್ ತೆಗೆಯುವುದು ಕ್ಷೇಮ. ಫಾಸ್ಟ್ ಸ್ಟಾರ್ಟಪ್ ಇದ್ದರೆ, ವಿಂಡೋಸ್ ಪೂರ್ತಿ ಮಲಗುವಂತೆ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಲಿ ಕಾಗದದ ಮೇಲಿರಲಿ.

ಡಿಸ್ಕ್ ಆರಿಸುವಾಗ ಅಳತೆ, ಮಾಡೆಲ್ ಹೆಸರು ಎರಡನ್ನೂ ಓದಿಯೇ ಎಂಟರ್ ಒತ್ತಿ; ಅಲ್ಲಿ ತಪ್ಪಿದರೆ ತಿದ್ದಲಾಗದು. ಮೊದಲ ರಿಸ್ಟೋರ್ ಯಾವಾಗಲೂ ಬಿಡಿ ಡಿಸ್ಕಿನ ಮೇಲೆ, ಏನೂ ಕೆಡದಿರುವ ದಿನವೇ ಆಗಲಿ. ಬೂಟ್ ಆಯಿತೆಂದು ಏಳಬೇಡಿ. ಹಳೆಯದೊಂದು ಲಗ್ನಪತ್ರಿಕೆ ತೆರೆದು ಪ್ರಿಂಟ್ ಕೊಟ್ಟು, ಒತ್ತಕ್ಷರಗಳು ತಮ್ಮ ಜಾಗದಲ್ಲಿಯೇ ಬಂದಿವೆಯೇ ನೋಡಿ.