"ವಯಸ್ಸಾಯ್ತಲ್ಲ" ಅನ್ನೋದು ಕಾಯಿಲೆಯ ಹೆಸರಲ್ಲ

ಸಾಫ್ಟ್‌ವೇರ್ ಲೋಕದಲ್ಲಿ ಒಂದು ಕೆಟ್ಟ ಚಾಳಿ ಇದೆ. ಗ್ರಾಹಕರು ತೊಂದರೆ ಹೇಳಿಕೊಂಡು ಬಂದಾಗ ಮೂಲ ಹುಡುಕೋಕೆ ಪುರಸೊತ್ತಿಲ್ಲದಿದ್ದರೆ, "ಅದು ಇರೋದೇ ಹಾಗೆ" ಅಂತ ಬರೆದು ಟಿಕೆಟ್ ಕ್ಲೋಸ್ ಮಾಡೋದು. ನಮ್ಮ ಆಸ್ಪತ್ರೆಗಳಲ್ಲಿ ಅರವತ್ತೈದು ದಾಟಿದವರ ಎಷ್ಟೋ ದೂರುಗಳು ಮುಗಿಯೋದೂ ಹೀಗೇ. ಅಲ್ಲಿ ಬಳಸೋ ಮಾತು "ವಯಸ್ಸಾಯ್ತಲ್ಲ."

ತಲೆಸುತ್ತಾ? ವಯಸ್ಸಾಯ್ತಲ್ಲ. ಮರೆವಾ? ವಯಸ್ಸಾಯ್ತಲ್ಲ. ನಿಶ್ಶಕ್ತಿ, ಊಟ ಸೇರ್ತಿಲ್ಲ, ಎಲ್ಲಕ್ಕೂ ಅದೇ ಉತ್ತರ. ದೇಹ ಸವೆಯುತ್ತೆ, ಒಪ್ಪೋಣ. ಆದರೆ ಮರೆವು ಬಿ12 ಕೊರತೆಯಿಂದಲೂ ಬರುತ್ತೆ, ಥೈರಾಯ್ಡ್ ಕಡಿಮೆಯಾದರೂ ಬರುತ್ತೆ. ನಿನ್ನೆವರೆಗೂ ಸರಿಯಾಗಿದ್ದ ಅಜ್ಜಿ ಇವತ್ತು ಏನೇನೋ ಮಾತಾಡ್ತಿದ್ದರೆ ಅದು ಮೂತ್ರದ ಸೋಂಕಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ, ಆದರೆ ಹುಡುಕಬೇಕಷ್ಟೆ. ಮೂವತ್ತೈದರ ಒಬ್ಬ ಹೋಗಿ "ಎರಡು ದಿನದಿಂದ ಮಗನ ಹೆಸರು ನೆನಪಾಗ್ತಿಲ್ಲ" ಅಂದು ನೋಡಲಿ, ಅವತ್ತೇ ಸ್ಕ್ಯಾನ್ ಆಗುತ್ತೆ.

ಇನ್ನೊಂದು ಗಮನಿಸಿ. ಕಾಯಿಲೆ ಅಮ್ಮನದು, ಪ್ರಶ್ನೆ ಮಾತ್ರ ಜೊತೆಗೆ ಬಂದ ಮಗನಿಗೆ: "ಏನಂತೆ ಇವರಿಗೆ?" ತಿಂಗಳಿಗೊಮ್ಮೆ ಊರಿಗೆ ಹೋಗೋ ಮಗನಿಗೆ ಅಮ್ಮ ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಹೇಗೆ ಗೊತ್ತಿರಬೇಕು?

ಎಲ್ಲಕ್ಕಿಂತ ಅಪಾಯದ್ದು ಮಾತ್ರೆಗಳ ಲೆಕ್ಕ. ನಮ್ಮ ದೊಡ್ಡಪ್ಪನಿಗೆ ಎಪ್ಪತ್ತನಾಲ್ಕು. ತೋಟಕ್ಕೆ ತಾನೇ ನೀರು ಬಿಡ್ತಿದ್ದ ಮನುಷ್ಯ. ತಾಲ್ಲೂಕಿನ ಡಾಕ್ಟರ್ ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು. ಕೆಲವು ವಾರಕ್ಕೆ ಕಾಲು ಊದಿಕೊಳ್ತು. ಕಾಲು ಊದೋದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಆದರೆ ಬೆಂಗಳೂರಿನ ಇನ್ನೊಬ್ಬ ಡಾಕ್ಟರ್ ಊತಕ್ಕೆ ಅಂತ ಮೂತ್ರ ಹೆಚ್ಚಿಸೋ ಮಾತ್ರೆ ಸೇರಿಸಿದರು. ರಾತ್ರಿ ನಾಲ್ಕು ಸಲ ಏಳೋದು ಶುರುವಾಯ್ತು, ನಿದ್ದೆ ಹೋಯ್ತು. ಮೂರನೆಯವರು ನಿದ್ದೆ ಮಾತ್ರೆ ಬರೆದರು. ಒಂದು ರಾತ್ರಿ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರೀತು. ಬಿದ್ದದ್ದು ಮಾತ್ರೆಯಿಂದಲೇ ಅಂತ ಆಣೆ ಮಾಡೋಕಾಗಲ್ಲ. ಆದರೆ ಆ ಪ್ರಶ್ನೆಯನ್ನ ಯಾವ ಡಾಕ್ಟರೂ ಕೇಳಲೇ ಇಲ್ಲ. ಸಿಕ್ಕಿದ ಉತ್ತರ: "ವಯಸ್ಸಾಯ್ತಲ್ಲ, ಜೋಪಾನವಾಗಿ ಓಡಾಡಬೇಕಿತ್ತು."

ಮೂರೂ ಚೀಟಿಗಳನ್ನ ಬೇರೆಬೇರೆಯಾಗಿ ಓದಿದರೆ ತಪ್ಪು ಕಾಣಲ್ಲ. ಪಕ್ಕಪಕ್ಕ ಇಟ್ಟು ಓದುವವರು ಇರಲಿಲ್ಲ, ಅಷ್ಟೇ. ಒಂದು ಮಾತ್ರೆಯ ಅಡ್ಡಪರಿಣಾಮವನ್ನ ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಮಾತ್ರೆ ಕೊಡೋದಕ್ಕೆ ವೈದ್ಯಶಾಸ್ತ್ರದಲ್ಲಿ 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಅನ್ನೋ ಹೆಸರೇ ಇದೆ. ವಯಸ್ಸಾದವರಿಗೆ ಆದಷ್ಟೂ ಕೊಡಬಾರದ ಔಷಧಿಗಳ ಪಟ್ಟಿಯನ್ನ ಅಮೆರಿಕದ ಡಾ. ಮಾರ್ಕ್ ಬಿಯರ್ಸ್ 1991ರಲ್ಲೇ ಪ್ರಕಟಿಸಿದ್ದರು. ಅದನ್ನ ಇವತ್ತಿಗೂ ಪರಿಷ್ಕರಿಸ್ತಾ ಬಂದಿದ್ದಾರೆ. ನಮ್ಮಲ್ಲಿ ಸಲೀಸಾಗಿ ಬರೆದುಕೊಡೋ ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆಗಳು ಆ ಪಟ್ಟಿಯಲ್ಲಿವೆ. ಅಂದರೆ ಇಲ್ಲಿ ಕೊರತೆ ಇರೋದು ತಿಳಿವಳಿಕೆಗಲ್ಲ, ಸಮಯಕ್ಕೆ.

ಹಾಗಂತ ಡಾಕ್ಟರನ್ನ ಮಾತ್ರ ಬೈದು ಪ್ರಯೋಜನವಿಲ್ಲ. ಹೊರಗೆ ನೂರು ಜನ ಕೂತಿರುವಾಗ ಒಬ್ಬರ ಎಂಟು ಮಾತ್ರೆ ಬಿಚ್ಚಿ ನೋಡೋಕೆ ಯಾರಿಗೆ ವ್ಯವಧಾನ ಇರುತ್ತೆ? ಅದಕ್ಕೇ ಬೇರೆ ವ್ಯವಸ್ಥೆ ಬೇಕು. 2007ರ ಹಿರಿಯ ನಾಗರಿಕರ ಕಾಯ್ದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕು ಅನ್ನುತ್ತೆ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವೃದ್ಧರ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯಾಧಿಕಾರಿಯ ಕೆಳಗೆ ಮೀಸಲು ಸೌಲಭ್ಯ ಇರಬೇಕು ಅಂತಲೂ ಹೇಳುತ್ತೆ. ನಿಮ್ಮ ಜಿಲ್ಲಾಸ್ಪತ್ರೆಗೆ ಹೋದಾಗ ಅದು ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ.

ದುಡ್ಡಿನ ದಾರಿಯೂ ಉಲ್ಟಾ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನ ಆದಾಯ ನೋಡದೆ 70 ದಾಟಿದ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ. ನಮ್ಮ ಕಂಪನಿಗಳು ಅಪ್ಪ-ಅಮ್ಮನಿಗೆ ಕೊಡೋ ಇನ್ಶೂರೆನ್ಸೂ ಬಹುತೇಕ ಹಾಗೇ. ಸೊಂಟ ಮುರಿದ ಮೇಲೆ ಲಕ್ಷ ಉಂಟು. ಮುರಿಯದ ಹಾಗೆ ನೋಡಿಕೊಳ್ಳೋ ಅರ್ಧ ಗಂಟೆಯ ಮಾತಿಗೆ ಬಿಡಿಗಾಸಿಲ್ಲ.

ಸರ್ಕಾರ ಸರಿಹೋಗೋವರೆಗೂ ಕಾಯಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಮನೆಯಲ್ಲಿರೋ ಎಲ್ಲ ಮಾತ್ರೆಗಳನ್ನ, ಮೆಡಿಕಲ್ ಶಾಪಲ್ಲಿ ಚೀಟಿಯಿಲ್ಲದೆ ತಂದದ್ದು, ಆಯುರ್ವೇದದ್ದು ಸೇರಿಸಿ, ಒಂದು ಚೀಲಕ್ಕೆ ಹಾಕಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಒಬ್ಬ ಫಿಸಿಶಿಯನ್ ಮುಂದೆ ಸುರಿದು ಎರಡು ಪ್ರಶ್ನೆ ಕೇಳಿ: ಇವೆಲ್ಲ ಇನ್ನೂ ಬೇಕಾ? ಈಗಿನ ತೊಂದರೆ ಇವುಗಳಲ್ಲಿ ಯಾವುದರಿಂದಲಾದರೂ ಬಂದಿರಬಹುದಾ? ಉಳಿದ ಮಾತನ್ನ ಅಮ್ಮನೇ ಆಡಲಿ, ನೀವು ಸುಮ್ಮನೆ ಕೂತಿರಿ.

ಅಷ್ಟಾದಮೇಲೂ "ವಯಸ್ಸಾಯ್ತಲ್ಲ" ಅಂದರೆ ಜಗಳ ಬೇಡ. ಮೆತ್ತಗೆ ಕೇಳಿ: "ಹೋದ ತಿಂಗಳೂ ಇವರಿಗೆ ಇದೇ ವಯಸ್ಸಿತ್ತಲ್ಲ ಸಾರ್, ಆಗ ಚೆನ್ನಾಗೇ ಇದ್ರಲ್ಲ?"