ಡಬ್ಬಿಯೊಳಗಿನ ಚೀಟಿ

2017ರಲ್ಲಿ ನಮ್ಮ ಅತ್ತಿಗೆ ಮೂರು ವಾರಕ್ಕೊಮ್ಮೆ ಮೊಳಕಾಲ್ಮುರು ಕಡೆಯಿಂದ ಚಳ್ಳಕೆರೆಗೆ ಬಂದು ರಾತ್ರಿ ನಮ್ಮ ಮನೆಯಲ್ಲಿ ತಂಗುತ್ತಿದ್ದರು. ಬೆಳಗಿನ ಜಾವದ ಬಸ್ಸಿಗೆ ಹಿರಿಯೂರು ಮೇಲೆ ಬೆಂಗಳೂರಿಗೆ ಹೋಗಿ ಔಷಧಿ ಹಾಕಿಸಿಕೊಂಡು ಬರಬೇಕಿತ್ತು. ಸ್ತನದ ಕ್ಯಾನ್ಸರ್ ಆಗಲೇ ಶ್ವಾಸಕೋಶಕ್ಕೆ ಹರಡಿತ್ತು. ಅಷ್ಟು ದುಡ್ಡು ಕೊಟ್ಟಿದ್ದನ್ನು ಬಿಸಾಡಲು ಮನಸ್ಸು ಬಾರದೆ ಔಷಧಿಯ ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಅದರೊಳಗೊಂದು ಮಡಿಸಿದ ಚೀಟಿ. ಬಿಚ್ಚಿದರೆ ಮೊಳದುದ್ದ, ಸಾಸಿವೆಯಂಥ ಅಕ್ಷರ, ಅಷ್ಟೂ ಇಂಗ್ಲಿಷು. ಒಂದು ದಿನ ಅದನ್ನು ನನ್ನ ಮುಂದೆ ಹರಡಿ ಕೇಳಿದರು: "ಇದನ್ನ ಹಾಕಿಸ್ಕೊಂಡೋರು ಎಷ್ಟು ಜನ ಉಷಾರಾದ್ರು ಅಂತ ಇದ್ರಾಗೆ ಬರ್ದೈತೇನಪ್ಪ?"

ಆ ಚೀಟಿಯಲ್ಲಿ ಏನು ಬರೆಯಬಹುದು, ಏನು ಬರೆಯಬಾರದು ಎಂಬುದರ ಮೇಲೆಯೇ ದೆಹಲಿ ಹೈಕೋರ್ಟಿನಲ್ಲಿ ದೊಡ್ಡ ವ್ಯಾಜ್ಯ ನಡೆದಿತ್ತು ಎಂದು ನನಗೆ ತಿಳಿದದ್ದು ಆಮೇಲೆ.

ಔಷಧಿಯ ಹೆಸರು ಟ್ರಾಸ್ಟುಜುಮ್ಯಾಬ್. ಹರ್-2 ಎಂಬ ಪ್ರೋಟೀನು ಮಿತಿಮೀರಿರುವ ಸ್ತನ ಕ್ಯಾನ್ಸರಿಗೆ ಇದನ್ನು ಕೊಡುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿ ಹರ್ಸೆಪ್ಟಿನ್ ಎಂಬ ಹೆಸರಿನಲ್ಲಿ ನಮ್ಮಲ್ಲಿಗೆ ತರಿಸಿ ಮಾರುತ್ತಿದ್ದಾಗ 440 ಮಿಲಿಗ್ರಾಮಿನ ಒಂದು ಸೀಸೆಗೆ ಲಕ್ಷ ರೂಪಾಯಿ ದಾಟುತ್ತಿತ್ತು. 2013ರಲ್ಲಿ ರೋಶ್ ಇಲ್ಲಿನ ಪೇಟೆಂಟನ್ನು ಮುಂದುವರಿಸದೆ ಕೈಬಿಟ್ಟಿತು. ಅದೇ ವರ್ಷದ ಕೊನೆಗೆ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧಿಗೆ ಅನುಮತಿ ಪಡೆದು, 2014ರ ಆರಂಭದಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ 57,500 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಅದೂ ನಮ್ಮ ಕಡೆಯವರಿಗೆ ಹೊಲ ಅಡವಿಡುವಂಥ ಮೊತ್ತವೇ. ಆದರೂ ಅಡವಿಡುವುದಕ್ಕೂ ಮಾರಿಬಿಡುವುದಕ್ಕೂ ಇರುವ ಅಂತರ ಆ ಬೆಲೆಯಲ್ಲಿತ್ತು.

2014ರ ಫೆಬ್ರವರಿಯಲ್ಲಿ ರೋಶ್ ನ್ಯಾಯಾಲಯಕ್ಕೆ ಹೋಯಿತು. ಪ್ರತಿವಾದಿಗಳು ದೇಶದ ಔಷಧ ನಿಯಂತ್ರಕರು, ಬಯೋಕಾನ್ ಮತ್ತು ಅದರ ಜೊತೆಗಾರ ಮೈಲಾನ್. ಪೇಟೆಂಟಿನ ಬೇಲಿ ಬಿದ್ದುಹೋಗಿದ್ದರಿಂದ ಈಗ ಅಂಕಿಅಂಶಗಳ ಸುತ್ತ ಬೇಲಿ ಎದ್ದಿತು. ರೋಶ್‌ನ ವಾದದಲ್ಲಿ ಎರಡು ಎಳೆಗಳಿದ್ದವು. 2012ರ ಜೈವಿಕ ಔಷಧಿಗಳ ಮಾರ್ಗಸೂಚಿಯಂತೆ ಪರೀಕ್ಷೆಗಳು ನಡೆದಿಲ್ಲ ಎಂಬುದು ಒಂದು. ವರ್ಷಗಟ್ಟಲೆ ಪ್ರಯೋಗ ನಡೆಸಿ ನಾವು ಕೂಡಿಸಿದ ಫಲಿತಾಂಶಗಳನ್ನು ತಮ್ಮ ಚೀಟಿಗೆ ಹಾಕಿಕೊಂಡು, ನಮ್ಮ ಹೆಸರು ಹೇಳಿ ಮಾರುತ್ತಿದ್ದಾರೆ ಎಂಬುದು ಇನ್ನೊಂದು. ನ್ಯಾಯಾಲಯ ಮೊದಲ ಹಂತದಲ್ಲೇ ಹರ್ಸೆಪ್ಟಿನ್ ಹೆಸರನ್ನೂ ಅದರ ಅಂಕಿಅಂಶಗಳನ್ನೂ ಬಳಸದಂತೆ ತಡೆ ಹಾಕಿತು. 2016ರ ಏಪ್ರಿಲಿನಲ್ಲಿ ಇನ್ನೊಂದು ದೀರ್ಘ ಮಧ್ಯಂತರ ಆದೇಶ ಬಂತು. 2017ರ ಏಪ್ರಿಲಿನಲ್ಲಿ ಗಾಳಿ ಬೇರೆ ಕಡೆ ತಿರುಗಿತು. ಮಾರುಕಟ್ಟೆಯ ಮೇಲಿನ ಹಿಡಿತವನ್ನು ರೋಶ್ ದುರುಪಯೋಗ ಮಾಡಿದೆಯೇ ಎಂದು ತನಿಖೆ ನಡೆಸಲು ಸ್ಪರ್ಧಾ ಆಯೋಗ ಆದೇಶಿಸಿತು.

ರೋಶ್‌ನ ಮೊದಲ ಎಳೆಯನ್ನು ನಾನು ತಳ್ಳಿಹಾಕುವುದಿಲ್ಲ. ಜ್ವರದ ಮಾತ್ರೆಯನ್ನು ನಕಲು ಮಾಡಿದಷ್ಟು ಸಲೀಸಾಗಿ ಇದನ್ನು ಮಾಡಲು ಬರುವುದಿಲ್ಲ. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಿಗೆ ವಂಶವಾಹಿ ಸೇರಿಸಿ, ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಸಾಕಿ, ಅವು ಸುರಿಸುವ ಪ್ರೋಟೀನನ್ನು ಸೋಸಿ ತೆಗೆಯುತ್ತಾರೆ. ಮೇವು, ಶಾಖ, ಹೊತ್ತು, ಒಂದು ಬದಲಾದರೂ ಪ್ರೋಟೀನು ಬದಲಾಗಬಹುದು. ಚಳ್ಳಕೆರೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಹೊಲದ ಶೇಂಗಾ ಎರಡು ಮಿಲ್ಲಿಗೆ ಹೋದರೆ ಎರಡು ಬಗೆಯ ಎಣ್ಣೆಯಾಗಿ ಬರುತ್ತದೆ. ಹಾಗಾಗಿ ತಯಾರಿಕೆಯ ಕ್ರಮ ಕಂಪನಿಯ ಆಸ್ತಿ, ಅದನ್ನು ಕದ್ದರೆ ಅದು ಕಳವೇ. ಕೊರಿಯಾದ ಮೆಡಿಟಾಕ್ಸ್ ಮತ್ತು ಡೇವೂಂಗ್ ಕಂಪನಿಗಳ ನಡುವೆ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದಿಂದ ಮಾಡುವ ಔಷಧಿಯ ಬಗ್ಗೆ ನಡೆದ ಜಗಳದಲ್ಲಿ ಆದದ್ದು ಅದೇ. ತಯಾರಿಕೆಯ ಗುಟ್ಟು ಕಳವಾಗಿದೆ ಎಂದು ತೀರ್ಮಾನಿಸಿದ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ, 2020ರ ಡಿಸೆಂಬರಿನಲ್ಲಿ ಡೇವೂಂಗ್‌ನ ಮಾಲು ದೇಶದೊಳಗೆ ಬರದಂತೆ 21 ತಿಂಗಳು ನಿಷೇಧಿಸಿತು. ಆದರೆ ಆ ಬ್ಯಾಕ್ಟೀರಿಯಾದ ತಳಿಯನ್ನೇ ಗುಟ್ಟೆಂದು ಒಪ್ಪಲಿಲ್ಲ. ಎಲ್ಲಿ ಗೆರೆ ಎಳೆಯಬೇಕೆಂದು ಅವರಾದರೂ ಯೋಚಿಸಿದ್ದಾರೆ.

ನನ್ನ ತಕರಾರಿರುವುದು ಎರಡನೇ ಎಳೆಯ ಬಗ್ಗೆ. ಪ್ರಯೋಗದ ಫಲಿತಾಂಶವೆಂದರೆ ಇಂತಿಷ್ಟು ಹೆಂಗಸರಿಗೆ ಗಡ್ಡೆ ಕುಗ್ಗಿತು, ಇಂತಿಷ್ಟು ಮಂದಿಯ ಹೃದಯ ಸೋತಿತು ಎಂಬ ಲೆಕ್ಕ. ಅದಕ್ಕೆ ಹಣ ಹಾಕಿದ್ದು ಕಂಪನಿಯಾದರೂ ಮೈ ಒಡ್ಡಿದವರು ರೋಗಿಗಳು. ಮಾಡುವ ಬಗೆ ಗುಟ್ಟಾಗಿರಲಿ, ಮೈಮೇಲೆ ಆಗುವುದು ಗುಟ್ಟಾಗಬಾರದು. ಇವೆರಡನ್ನೂ ಒಂದೇ ಬೀಗದೊಳಗೆ ಇಡುವ ರೂಢಿಯೇ ಈ ವ್ಯಾಜ್ಯದ ದೊಡ್ಡ ದೋಷ ಎಂದು ನನಗನ್ನಿಸುತ್ತದೆ.

ನಮ್ಮ ಅಜ್ಜ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಭಾನುವಾರ ಬೆಳಗ್ಗೆ, ಹಸಿದ ಹೊಟ್ಟೆಯಲ್ಲಿ, ಮಜ್ಜಿಗೆ ಜೊತೆ. ಸೊಪ್ಪು ತರಲು ಕತ್ತಲಿರುವಾಗಲೇ ಒಬ್ಬರೇ ಹೋಗುತ್ತಿದ್ದರು, ದಾರಿಯಲ್ಲಿ ಯಾರಾದರೂ ಮಾತಾಡಿಸಿದರೂ ಬಾಯಿ ಬಿಡುತ್ತಿರಲಿಲ್ಲ. ಹೆಸರು ಹೇಳಿದರೆ ಫಲಿಸುವುದಿಲ್ಲ ಎಂಬ ನಂಬಿಕೆ. ದುಡ್ಡು ಮುಟ್ಟುತ್ತಿರಲಿಲ್ಲ. ಅವರ ಕೈಗುಣ ದೊಡ್ಡದು ಎಂದು ಸುತ್ತಲ ಹಳ್ಳಿಯವರು ಈಗಲೂ ಹೇಳುತ್ತಾರೆ. ಅವರು ತೀರಿಕೊಂಡ ಮೇಲೆ ಸೊಪ್ಪಿನ ಹೆಸರು ಅವರ ಜೊತೆಗೇ ಹೋಯಿತು ಎಂದು ಮನೆಯವರೆಲ್ಲ ಮರುಗಿದೆವು. ನನ್ನನ್ನು ಹೆಚ್ಚು ಕಾಡುವುದು ಬೇರೆ. ಕುಡಿದವರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಹೋದರು ಎಂದು ಯಾರೂ ಎಣಿಸಲಿಲ್ಲ. ಬದುಕಿದವರು ತೆಂಗಿನಕಾಯಿ ಹಿಡಿದು ಬಂದರು, ಸತ್ತವರ ಮನೆಯವರು ಬರಲಿಲ್ಲ. ಅಜ್ಜನ ಮೇಲೆ ನನಗಿರುವ ಗೌರವಕ್ಕೆ ಇದರಿಂದ ಕುಂದಿಲ್ಲ, ಆದರೆ ಎಣಿಕೆ ಇಲ್ಲದ ಔಷಧಿಯನ್ನು ನಾನಿವತ್ತು ನನ್ನ ಮಕ್ಕಳಿಗೆ ಕುಡಿಸಲಾರೆ.

ಪ್ರಯೋಗದ ಲೆಕ್ಕ ಬಿಚ್ಚಿಡುವ ವಿಷಯದಲ್ಲಿ ಯುರೋಪು ನಮಗಿಂತ ಮುಂದಿದೆ. ಅನುಮತಿಗಾಗಿ ಕಂಪನಿಗಳು ಕೊಟ್ಟ ಪ್ರಯೋಗದ ವರದಿಗಳನ್ನು ಅಲ್ಲಿನ ಔಷಧ ಸಂಸ್ಥೆ 2016ರಿಂದ ಸಾರ್ವಜನಿಕರ ಮುಂದಿಡತೊಡಗಿತು. ಇಂಥ ವರದಿಗಳನ್ನು ಕೇಳಿದವರಿಗೆ ಕೊಡುವುದನ್ನು ವಿರೋಧಿಸಿ ಕಂಪನಿಗಳು ಹೂಡಿದ್ದ ಮೇಲ್ಮನವಿಗಳನ್ನು ಯುರೋಪಿನ ನ್ಯಾಯಾಲಯ 2020ರ ಜನವರಿಯಲ್ಲಿ ವಜಾ ಮಾಡಿತು. ನಮ್ಮಲ್ಲಿ ಪ್ರಯೋಗ ನಡೆಸುವವರು 2009ರಿಂದ ಕಡ್ಡಾಯವಾಗಿ ನೋಂದಾಯಿಸಬೇಕು, ಅದು ಒಳ್ಳೆಯ ಹೆಜ್ಜೆ. ನೋಂದಣಿ ಎಂದರೆ ಬಿತ್ತನೆಯ ಲೆಕ್ಕ. ರಾಶಿಯ ಲೆಕ್ಕ ಇನ್ನೂ ಬಾಕಿ ಇದೆ.

ವ್ಯಾಪಾರದ ಗುಟ್ಟಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆಯನ್ನೂ ನಂಬಿಕೆ ದ್ರೋಹದ ತತ್ವವನ್ನೂ ಹಿಡಿದು ನ್ಯಾಯಾಲಯಗಳು ದಾರಿ ಮಾಡಿಕೊಂಡಿವೆ. 2024ರ ಮಾರ್ಚಿನಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಪ್ರತ್ಯೇಕ ಕಾನೂನು ಬೇಕೆಂದು ಹೇಳಿ ಕರಡನ್ನೂ ಕೊಟ್ಟಿತು. ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ವರದಿಯಲ್ಲಿ ಮೆಚ್ಚುವಂಥದ್ದು ಇದೆ. ಅಕ್ರಮವನ್ನು ಬಯಲಿಗೆಳೆದವರಿಗೆ ರಕ್ಷಣೆ ಕೊಡಬೇಕೆನ್ನುತ್ತದೆ, ತುರ್ತು ಪರಿಸ್ಥಿತಿಯಲ್ಲಿ ಕಡ್ಡಾಯ ಪರವಾನಗಿಗೆ ಬಾಗಿಲು ತೆರೆದಿಡುತ್ತದೆ. ಆದರೆ ತುರ್ತು ಎಂಬ ಮಾತಿನಿಂದ ನನಗೆ ಸಮಾಧಾನವಿಲ್ಲ. ಮಹಾಮಾರಿ ಬಂದರೆ ಸರ್ಕಾರಕ್ಕೆ ತುರ್ತು ಕಾಣುತ್ತದೆ. ಒಬ್ಬೊಬ್ಬರಾಗಿ ಬಸ್ಸು ಹತ್ತುವ ಹೆಂಗಸರ ತುರ್ತು ಯಾವ ಗೆಜೆಟ್ಟಿನಲ್ಲೂ ಪ್ರಕಟವಾಗುವುದಿಲ್ಲ. ಪರವಾನಗಿಗೆಂದು ಔಷಧ ನಿಯಂತ್ರಕರಿಗೆ ಸಲ್ಲಿಸಿದ ಪ್ರಯೋಗದ ಫಲಿತಾಂಶ ಯಾವ ಕಾಲಕ್ಕೂ ವ್ಯಾಪಾರದ ಗುಟ್ಟಲ್ಲ ಎಂದು ಮುಂದೆ ಬರುವ ಕಾನೂನಿನಲ್ಲಿ ಒಂದು ಸಾಲು ಬರೆಯಲೇಬೇಕು. ಪೇಟೆಂಟಿಗಾದರೆ 20 ವರ್ಷದ ಗಡುವಿದೆ, ಗುಟ್ಟಿಗೆ ಗಡುವೇ ಇಲ್ಲ.

ಬಯೋಕಾನಿನ ಔಷಧಿಯ ಬಗ್ಗೆ ಎದ್ದ ಅನುಮಾನ ಕೊನೆಗೆ ಕರಗಿದ್ದೂ ಲೆಕ್ಕ ಬಿಚ್ಚಿಟ್ಟಿದ್ದರಿಂದಲೇ. ರೋಶ್‌ನ ಔಷಧಿಯ ಜೊತೆ ಹೋಲಿಸಿ ನಡೆಸಿದ ಪ್ರಯೋಗದ ಫಲಿತಾಂಶ 2016ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. 24 ವಾರ ಕಳೆದಾಗ ಗಡ್ಡೆ ಕುಗ್ಗಿದವರು ಬಯೋಕಾನಿನ ಕಡೆ ಶೇ. 69.6, ರೋಶ್‌ನ ಕಡೆ ಶೇ. 64. ಮರುವರ್ಷ ಡಿಸೆಂಬರ್ 1ರಂದು ಅಮೆರಿಕದ ಔಷಧ ಆಡಳಿತವೇ ಅದಕ್ಕೆ ಅನುಮತಿ ಕೊಟ್ಟಿತು. ತಯಾರಿಕೆಯ ಕ್ರಮವನ್ನು ಬಯೋಕಾನ್ ಯಾರಿಗೂ ಬಿಟ್ಟುಕೊಡಬೇಕಾಗಿ ಬರಲಿಲ್ಲ.

ಅತ್ತಿಗೆಗೆ ನಾನು ಓದಿ ಹೇಳಿದ್ದು ಆ ಪತ್ರಿಕೆಯ ಅಂಕಿಯನ್ನೇ: ನೂರು ಜನರಲ್ಲಿ ಎಪ್ಪತ್ತರ ಹತ್ತಿರ. ಉಳಿದ ಮೂವತ್ತು ಮಂದಿಯ ಬಗ್ಗೆಯೂ ಕೇಳಿದರು, ಅದನ್ನೂ ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಸ್ಸಿನ ಟಿಕೆಟಿನ ಹಿಂಬದಿಗೆ ಎರಡೂ ಅಂಕಿಗಳನ್ನು ನನ್ನ ಕೈಲಿ ಕನ್ನಡದಲ್ಲಿ ಬರೆಸಿಕೊಂಡು, ಮಡಿಸಿ, ಡಬ್ಬಿಯೊಳಗಿನ ಚೀಟಿಯ ಜೊತೆ ಇಟ್ಟುಕೊಂಡರು.